ಕರು ಹಿಡಿಸಿತು

ವಿಚಿಟಾದಿಂದ ಹೊರಟು ಹನ್ನೊಂದನೇ ದಿನ ಬಂದಿಳಿಯಿತು,
ಪನಾಮಾದಲ್ಲಿ ಮಳೆಗೆ ಸಿಕ್ಕಿ, ಲಿಮಾದಲ್ಲಿ ಸುಂಕದವರಿಗೆ ಸಿಕ್ಕಿ,
ಆಂಡೀಸ್ ದಾಟುವಾಗ ಪೈಲಟ್ಟನ ಉಗುರು ನೀಲಿ ಮಾಡಿ,
ಟ್ರಿನಿದಾದ್ ಊರಿನ ಕೆಸರು ರನ್‌ವೇಗೆ.
ಬಿಳಿ ಮೈ, ಬಾಲಕ್ಕೊಂದು ಕೆಂಪು ಪಟ್ಟೆ.
ಹುಡುಗರು ಮುಟ್ಟಿ ನೋಡಿ ಬೆರಳು ಮೂಸಿಕೊಂಡರು.

ಆಗ ಬೇನಿ ಸೀಮೆಗೆಲ್ಲ ನಾನೊಬ್ಬನೇ ಏಜೆಂಟ್.
ಪಾದ್ರಿಗಳ ಶಾಲೆಯ ಅರ್ಧ ಇಂಗ್ಲಿಷೇ ಬಂಡವಾಳ,
ಮಾರಿದರೆ ನೂರಕ್ಕೆ ಐದು,
ಮಾರದಿದ್ದರೆ ಮಾವನ ಮನೆಯ ಊಟ.
ಕಂಪನಿ ಕಳಿಸಿದ ಬಣ್ಣದ ಪುಸ್ತಿಕೆಯಲ್ಲಿ
ಬಿಳಿ ಕೈಗವಸಿನ ಹೆಂಗಸೊಬ್ಬಳು ಮೆಟ್ಟಿಲಿಗೆ ಕಾಲಿಟ್ಟು ನಗುತ್ತಾಳೆ,
ಅಡಿಯಲ್ಲಿ ಬರೆದಿದೆ:
ಹಿಂಬದಿಯಲ್ಲಿ ಎರಡು ಗಾಲ್ಫ್ ಚೀಲಕ್ಕೆ ಧಾರಾಳ ಜಾಗ.

"ಗಾಲ್ಫ್ ಚೀಲ ಅಂದರೆ?" ಕೇಳಿದ ದೋನ್ ಎರ್ಮೋಹೆನೆಸ್,
ಆರು ಸಾವಿರ ದನ, ಒಂದು ಜೊತೆ ಬೂಟು.
ನಾನೂ ಕಂಡವನಲ್ಲ. ಅಂದಾಜಿನ ಮೇಲೆ ಅಂದೆ:
ಒಂದು ಎಳೆಗರುವಿನಷ್ಟು, ದೋನ್.

ಮರುದಿನ ಕರು ಹೊತ್ತು ತಂದ.

ವಿಚಿಟಾದ ಡೆಲ್ಬರ್ಟ್, ಇಸ್ತ್ರಿ ಅಂಗಿ, ಸೊಳ್ಳೆ ಕಚ್ಚಿದ ಕೊರಳು,
ಸೀಟಿನ ತೊಗಲು ನೋಡಿದ, ಕರು ನೋಡಿದ, ನನ್ನ ನೋಡಿದ.
ಆ ತೊಗಲೂ ಇದರ ಪೈಕಿಯದೇ ಅನ್ನಬೇಕೆಂದಿದ್ದೆ, ಇಂಗ್ಲಿಷ್ ಸಾಲಲಿಲ್ಲ.
ಕಾಲು ಕಟ್ಟಿ ಹಿಂದೆ ಮಲಗಿಸಿದೆವು.
ವೇಗ ಎಷ್ಟು, ಎತ್ತರ ಎಷ್ಟು, ಗಂಟೆಗೆ ಎಷ್ಟು ಗ್ಯಾಲನ್ ಕುಡಿಯುತ್ತದೆ,
ರಾತ್ರಿಯೆಲ್ಲ ಬಾಯಿಪಾಠ ಮಾಡಿದ್ದರಲ್ಲಿ
ಒಂದನ್ನೂ ಅವನು ಕೇಳಲಿಲ್ಲ.

ಫೆಬ್ರುವರಿ. ಮಾಮೊರೆ ನದಿ
ತನ್ನ ದಡ ಯಾವುದೆಂದು ಮರೆತ ತಿಂಗಳು.
ಮೇಲಿನಿಂದ ಅವನ ಆಸ್ತಿಯೆಂದರೆ ಕಂದು ನೀರು,
ಅದರ ಮೇಲೆ ಜಾರುವ ನಮ್ಮದೇ ನೆರಳು,
ಅಲ್ಲಲ್ಲಿ ದಿಬ್ಬ, ದಿಬ್ಬದ ತುಂಬ ದನ,
ಚೆಲ್ಲಿದ ಹುರುಳಿಯ ಹಾಗೆ.
ತುಟಿಯಾಡಿಸುತ್ತ ಎಣಿಸಿದ. ಕಡಿಮೆ ಬಿತ್ತು. ಮತ್ತೆ ಎಣಿಸಿದ.
ಎತ್ತಿನ ಗಾಡಿಯ ನಾಲ್ಕು ದಿನದ ಹಾದಿ
ಇಪ್ಪತ್ತೆಂಟು ನಿಮಿಷಕ್ಕೆ ಮುಗಿದು ಮನೆ ಬಂತು:
ತಾಳೆಗರಿಯ ಸೂರು, ಹೊಸ್ತಿಲವರೆಗೆ ನೀರು,
ಸೂರಿನ ಮೇಲೆ ಬಟ್ಟೆ ಹರವುತ್ತಿದ್ದ ಎದೆಲ್ಮಿರಾ.

ಸದ್ದಿಗೆ ತಲೆಯೆತ್ತಿದಳು.
ಒದ್ದೆ ಅಂಗಿಯೊಂದನ್ನು ಹಿಡಿದೇ ಕೈ ಬೀಸಿದಳು,
ತೋಳು ಕಳಚುವಷ್ಟು ಬೀಸಿದಳು,
ಒಳಗೆ ಯಾರಿದ್ದಾರೆಂದು ತಿಳಿಯದೆ.
ಅಂಗಿ ಅವನದೇ.

"ಮೂವತ್ತೊಂದು ವರ್ಷ," ಅಂದ, ಎಂಜಿನ್ನಿಗಿಂತ ಜೋರಾಗಿ,
"ನನಗೆ ಹೀಗೆ ಕೈ ಬೀಸಿದ್ದಿಲ್ಲ."
ಏನಂತೆ, ಕಣ್ಣಲ್ಲೇ ಕೇಳಿದ ಡೆಲ್ಬರ್ಟ್.
ಪೆಟ್ರೋಲು ಎಷ್ಟಿದೆ ಅಂತ ಕೇಳ್ತಿದಾರೆ, ಅಂದೆ.
ಇನ್ನೊಂದು ಸುತ್ತು, ಅಂದ ದೋನ್. ಮತ್ತೊಂದು.
ಐದನೆಯ ಸುತ್ತಿಗೆ ಕರು ಉಚ್ಚೆ ಹೊಯ್ದಿತು.

ಇಳಿದ ಮೇಲೆ ವ್ಯಾಪಾರ.
ಡಾಲರನ್ನು ಇವನು ನಂಬ, ದನವನ್ನು ಅವನು ನಂಬ.
ನಡುವೆ ನಾನು, ಬೆವರುತ್ತ, ಎರಡೂ ಕಡೆ ಸುಳ್ಳಾಡುತ್ತ,
ನಾನೂರ ಹತ್ತು ಹೋರಿಗಳನ್ನು
ರೆಕ್ಕೆಗಿಷ್ಟು, ಎಂಜಿನ್ನಿಗಿಷ್ಟು, ಕೆಂಪು ಪಟ್ಟೆಗಿಷ್ಟು ಎಂದು ಹಂಚಿದೆ.

ವರ್ಷದ ಮೇಲೆ ಕಂಪನಿಯದೊಂದು ನಮೂನೆ ಬಂತು:
ನಮ್ಮ ವಿಮಾನವನ್ನೇ ಯಾಕೆ ಆರಿಸಿದಿರಿ? ಗೆರೆಯ ಮೇಲೆ ಬರೆಯಿರಿ.
ಹಿಂದಿನ ಸೀಟನ್ನು ದೋನ್ ಕಿತ್ತು ಕೋಳಿಗಳಿಗೆ ಕೊಟ್ಟಿದ್ದ.
ಆ ಜಾಗದಲ್ಲಿ ಮಾಂಸ ಹೋಗಿತ್ತು, ಉಪ್ಪು ಬಂದಿತ್ತು,
ಜುಲೈಯಲ್ಲಿ ಅವಳು ಹೋಗಿದ್ದಳು, ಮಲಗಿಕೊಂಡು,
ಕೊಚಬಾಂಬದ ಆಸ್ಪತ್ರೆಗೆ.
ನನ್ನ ಸೂರು ಮೇಲಿನಿಂದ ನೋಡಬೇಕು, ಎಬ್ಬಿಸಿ ಕೂರಿಸಿ, ಅಂದಿದ್ದಳಂತೆ.

ಬರೆದುಕೋ, ಅಂದ. ಬಹಳ ಹೊತ್ತು ಬೂಟು ನೋಡಿಕೊಂಡ.
"ಕರು ಹಿಡಿಸಿತು."
ಅಷ್ಟನ್ನೇ ಬರೆದು ಕಳಿಸಿದೆ.

ವಿಚಿಟಾದಿಂದ ಉತ್ತರ: ಕರು ಎಂಬುದು
ನಮ್ಮ ಬಿಡಿಭಾಗಗಳ ಪಟ್ಟಿಯಲ್ಲಿ ಸಿಗುತ್ತಿಲ್ಲ,
ದಯವಿಟ್ಟು ಸಂಖ್ಯೆ ತಿಳಿಸಿ.

ಆಮೇಲೆ ಇನ್ನೂ ಹದಿನಾರು ಮಾರಿದೆ,
ಮೂರು ಕಾಡಿಗೆ ಬಿದ್ದವು, ಒಂದನ್ನು ಸೈನ್ಯ ಕೊಂಡೊಯ್ದಿತು.
ನೆರೆಯ ತಿಂಗಳಲ್ಲಿ ಸದ್ದು ಕೇಳಿದರೆ
ಈಗಲೂ ಅಂಗಳಕ್ಕೆ ಬರುತ್ತೇನೆ,
ಕೈಯಲ್ಲಿ ಏನಿದ್ದರೆ ಅದನ್ನೇ ಬೀಸುತ್ತೇನೆ,
ಚಮಚವಾದರೆ ಚಮಚ.